ಕಿಟಕಿಯಿಂದ ಹೊರಟ ಮೂವರು ರಾಯರು

ಡಿಸೆಂಬರ್ 21, 2024

ಯಶವಂತಪುರದಿಂದ ಬೆಳಗಿನ ರೈಲು. ನಮ್ಮ ಹತ್ತಿರ ಎರಡು ಬಟ್ಟೆಯ ಬ್ಯಾಗು, ಐದು ಖಾಲಿ ಡಬ್ಬ. ಖಾಲಿ ಡಬ್ಬ ಯಾಕೆ ಅಂತ ಎದುರು ಸೀಟಿನ ಅಮ್ಮ ಕೇಳಿದರು. "ವಾಪಸ್ ಬರುವಾಗ ತುಂಬಿರುತ್ತೆ" ಅಂದೆ. ಅವರು ಪುತ್ತೂರಿನವರು. ತಕ್ಷಣ ಗೊತ್ತಾಯಿತು. "ಓ, ಕುಸ್ವಾರಾ?" ಅಂತ ನಕ್ಕರು. ಕ್ರಿಸ್ಮಸ್ ತಿಂಡಿಯಾ ಅಂತ. ಸಣ್ಣವರಿರುವಾಗ ಪಕ್ಕದ ಮನೆಯಿಂದ ಬರುತ್ತಿದ್ದ ತಟ್ಟೆಗೆ ಕಾದು ಕೂರುತ್ತಿದ್ದರಂತೆ.

ಹಾಸನ ಬಂದಾಗ ನಾನು ಸುಮ್ಮನೆ ಕಿಟಕಿ ಕಡೆ ತಿರುಗಿದೆ. ನನ್ನ ತವರು ಈ ಕಡೆಯದು. ನಾವು ಕನ್ನಡ ಕಥೋಲಿಕರು. ಅಜ್ಜಿ ಹುಟ್ಟಿದ್ದು ಶೆಟ್ಟಿಹಳ್ಳಿಯಲ್ಲಿ. ಅಲ್ಲಿನ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಖಾಲಿಯಾಯಿತು. ಈಗ ಮಳೆಗಾಲದಲ್ಲಿ ಚರ್ಚ್ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೆ ಕಾಣುತ್ತದೆ. ಜನ ಫೋಟೋ ತೆಗೆಯಲು ಹೋಗುತ್ತಾರೆ. ನಮ್ಮಜ್ಜಿಗೆ ಅದು ಮೊದಲ ಪರಮಪ್ರಸಾದ ತೆಗೆದುಕೊಂಡ ಚರ್ಚ್. ಕ್ರಿಸ್ಮಸ್ ಬಂದರೆ ಅವರು ಕಜ್ಜಾಯ ಮಾಡುತ್ತಾ, ಸೀರೆ ಉಟ್ಟುಕೊಂಡು ಕತ್ತಲಲ್ಲಿ ಲಾಟೀನು ಹಿಡಿದು ಪೂಜೆಗೆ ಹೋಗುತ್ತಿದ್ದುದನ್ನು ಹೇಳುತ್ತಿದ್ದರು. ಆ ಮಾತು ಕೇಳಿ ಬೆಳೆದ ನಾನು ಮದುವೆಯಾಗಿ ಸೇರಿದ್ದು ಕಿನ್ನಿಗೋಳಿ ಹತ್ತಿರದ ಕೊಂಕಣಿ ಮನೆಗೆ. ಅಲ್ಲಿ ಕ್ರಿಸ್ಮಸ್‌ಗೆ ನತಾಲ್ ಅನ್ನುತ್ತಾರೆ. ಪೋರ್ಚುಗೀಸ್ ಮಾತು. ಇವರ ಹಿರಿಯರು ಗೋವಾದಿಂದ ಬರುವಾಗ ಜೊತೆಗೆ ತಂದದ್ದು.

ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ. ಮಗಳಿಗೆ ಆರು ವರ್ಷ. ಬೆರಳು ಮಡಚಿ ಎಣಿಸಲು ಶುರು ಮಾಡಿ ಇಪ್ಪತ್ತೊಂದಕ್ಕೆ ನಿದ್ದೆ ಹೋದಳು.

ಮಂಗಳೂರು ಜಂಕ್ಷನ್‌ಗೆ ಮೈದುನ ಕಾರು ತಂದಿದ್ದ. ಸುರತ್ಕಲ್, ಹಳೆಯಂಗಡಿ ದಾಟಿ ಪಕ್ಷಿಕೆರೆ ಕಡೆಯಿಂದ ಹೋದೆವು. ದಾರಿಯುದ್ದ ಮನೆಗಳ ಮುಂದೆ ನಕ್ಷತ್ರ. ಕೆಂಪು, ಹಳದಿ, ಕಾಗದದ್ದು, ಬಿದಿರು ಕಡ್ಡಿಯಲ್ಲಿ ಮನೆಯವರೇ ಕಟ್ಟಿದ್ದು. ತೋಟದ ಕತ್ತಲಲ್ಲಿ ಮನೆ ಕಾಣುವುದಿಲ್ಲ, ನಕ್ಷತ್ರ ಮಾತ್ರ ಕಾಣುತ್ತದೆ.

"ಬಂದ್ರಿಯಾ? ಟ್ರೈನ್ ಲೇಟಾ? ಮಗು ಎಂಥ ಇಷ್ಟು ಸಪೂರ ಆಗಿದೆ!" ಮಾಂಯ್ ಅಂಗಳದಲ್ಲೇ ನಿಂತಿದ್ದರು. ಮಾಂಯ್ ಅಂದರೆ ಅತ್ತೆ. ಅವರಿಗೆ 78. ಮಂಡಿ ನೋವು ಜಾಸ್ತಿಯಾಗಿದೆ.

ರಾತ್ರಿ ಎಂಟಕ್ಕೆ ತೇರ್ಸ್, ಅಂದರೆ ಜಪಮಾಲೆ. ಈ ಮನೆಯಲ್ಲಿ ಒಂದು ದಿನವೂ ಅದು ತಪ್ಪುವುದಿಲ್ಲ. ಶನಿವಾರ ಸಂತೋಷದ ರಹಸ್ಯಗಳು. ಐದರಲ್ಲಿ ಮೂರನೆಯದು ಯೇಸುವಿನ ಜನನ. ಎಲ್ಲವೂ ಕೊಂಕಣಿಯಲ್ಲಿ ನಡೆಯುತ್ತದೆ. ಆದರೆ ಮೂರನೆಯ ಹತ್ತು ಮಣಿ ಬಂದಾಗ ಮಾಂಯ್ ನನ್ನ ಕಡೆ ನೋಡಿದರು. "ನೀನು ಹೇಳು, ನಿನ್ನ ಭಾಷೆಯಲ್ಲಿ." ನಾನು "ನಮೋ ಮರಿಯಾ" ಅಂತ ಶುರು ಮಾಡಿದೆ. ಉತ್ತರಾರ್ಧವನ್ನು ಅವರೆಲ್ಲ ಕೊಂಕಣಿಯಲ್ಲೇ ಹೇಳಿದರು. ಮದುವೆಯಾದ ಮೊದಲ ವರ್ಷದಿಂದ ಮಾಂಯ್ ನನಗೆ ಈ ಜಾಗ ಇಟ್ಟಿದ್ದಾರೆ. ಆಗ ಕೊಂಕಣಿ ಬಾರದೆ ನಾನು ತುಟಿ ಮಾತ್ರ ಅಲ್ಲಾಡಿಸುತ್ತಿದ್ದೆ. ಅದನ್ನು ಅವರು ಗಮನಿಸಿದ್ದರು.

ಮುಗಿದ ಮೇಲೆ ಮಕ್ಕಳು ಸಾಲಾಗಿ ಬಂದು ಕೈಮುಗಿದು "ಬೆಸಾಂವ್ ದಿ" ಅಂದರು. ಆಶೀರ್ವಾದ ಕೊಡಿ ಅಂತ. ಮಾಂಯ್ ಒಬ್ಬೊಬ್ಬರ ಹಣೆಯ ಮೇಲೂ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಿದರು. ಮಕ್ಕಳಾದ ಮೇಲೆ ನಾವು ದೊಡ್ಡವರೂ ಹೋದೆವು.

ಡಿಸೆಂಬರ್ 22

ಆಗಮನ ಕಾಲದ, ಅಂದರೆ ಕ್ರಿಸ್ಮಸ್‌ಗೆ ಕಾಯುವ ವಾರಗಳ, ನಾಲ್ಕನೇ ಭಾನುವಾರ. ಬೆಳಗಿನ ಪೂಜೆಯಲ್ಲಿ ಹಸಿರು ಚಕ್ರದ ಮೇಲಿನ ನಾಲ್ಕನೇ ಮೇಣದಬತ್ತಿ ಹಚ್ಚಿದರು. ಮೂರು ನೇರಳೆ, ಒಂದು ಗುಲಾಬಿ. ಮನೆಗೆ ಬಂದು ಕಾಫಿ ಕುಡಿದವರೇ ಅಡುಗೆಮನೆಗೆ ಇಳಿದೆವು.

ಕುಸ್ವಾರ್ ಅಂದರೆ ಒಂದು ತಿಂಡಿಯ ಹೆಸರಲ್ಲ, ಹಬ್ಬಕ್ಕೆ ಮಾಡುವ ಅಷ್ಟೂ ತಿಂಡಿಗೆ ಸೇರಿ ಇರುವ ಹೆಸರು. ಈಗ ಬೇಕರಿಯಲ್ಲಿ ಪ್ಯಾಕೆಟ್ ಸಿಗುತ್ತದೆ. ಚೆನ್ನಾಗಿಯೂ ಇರುತ್ತದೆ. ಮಂಡಿ ನೋವು ಇರುವಾಗ ಯಾಕೆ ಕಷ್ಟ, ತಂದುಬಿಡೋಣ ಅಂತ ಹೋದ ವರ್ಷ ನಾನೇ ಹೇಳಿದ್ದೆ. ಮಾಂಯ್ ಒಂದೇ ಮಾತು ಅಂದಿದ್ದರು: "ಮತ್ತೆ ನಾವೆಲ್ಲ ಒಟ್ಟಿಗೆ ಕೂರುವುದು ಯಾವಾಗ?" ಆ ಮೇಲೆ ನಾನು ಆ ಮಾತು ಎತ್ತಿಲ್ಲ.

ಈ ಸಲ ಅವರು ಒಲೆ ಮುಂದೆ ನಿಲ್ಲಲಿಲ್ಲ. ಮಣೆ ಹಾಕಿ ಕೂರಲೂ ಆಗುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಬಾಗಿಲ ಪಕ್ಕ ಕೂತರು. ಕೂತಲ್ಲಿಂದಲೇ ಎಣ್ಣೆಯ ವಾಸನೆ ಹಿಡಿದು "ಈಗ ಹಾಕು", "ಬೆಂಕಿ ಸಣ್ಣ ಮಾಡು" ಅನ್ನುತ್ತಿದ್ದರು.

ಮೊದಲು ಕಿಡಿಯೊ. ಕೊಂಕಣಿಯಲ್ಲಿ ಹುಳ ಅಂತ ಅರ್ಥ. ಹುಳ ತಿನ್ನುವುದು ಅಂದರೆ ಮಗಳಿಗೆ ಎಲ್ಲಿಲ್ಲದ ಖುಷಿ. ಮೈದಾ, ಮೊಟ್ಟೆ, ತೆಂಗಿನ ಹಾಲು, ಸ್ವಲ್ಪ ತುಪ್ಪ, ಚಿಟಿಕೆ ಉಪ್ಪು. ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಟ್ಟೆವು. ಗೋಲಿ ಗಾತ್ರದ ಉಂಡೆ ತೆಗೆದು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡಬೇಕು. ಹೌದು, ಬಾಚಣಿಗೆಯೇ. ಕುಸ್ವಾರಿಗೆಂದೇ ಇಟ್ಟಿರುವ ನಾಲ್ಕು ಬಾಚಣಿಗೆ ಈ ಮನೆಯಲ್ಲಿ ಇವೆ. ವರ್ಷವಿಡೀ ಹಳೆಯ ಬಿಸ್ಕೆಟ್ ಡಬ್ಬದೊಳಗೆ ಇರುತ್ತವೆ.

ಮಗಳು ಉಂಡೆಯನ್ನು ಜೋರಾಗಿ ಒತ್ತಿದಳು. ಅದು ಹಲ್ಲಿನ ಸಂದಿಗೆ ಸಿಕ್ಕಿಕೊಂಡಿತು.

"ಹಾಗಲ್ಲ ಪುಟ್ಟಾ. ಇಲ್ಲಿ ಬಾ." ಮಾಂಯ್ ಅವಳನ್ನು ತೊಡೆಯ ಹತ್ತಿರ ನಿಲ್ಲಿಸಿಕೊಂಡರು. ಅವಳ ಹೆಬ್ಬೆರಳಿನ ಮೇಲೆ ತಮ್ಮ ಹೆಬ್ಬೆರಳು ಇಟ್ಟರು. ಗಂಟು ಗಂಟಾದ ಬೆರಳು, ಉಗುರಿನ ಸುತ್ತ ಹಿಟ್ಟು. ಮೊದಲು ಮೆಲ್ಲಗೆ ಚಪ್ಪಟೆ ಮಾಡಿದರು. ಆಮೇಲೆ ಉಗುರಿನ ತುದಿಯಲ್ಲಿ ಅಂಚು ಎತ್ತಿದರು. ಹಿಟ್ಟು ತಾನೇ ಸುತ್ತಿಕೊಳ್ಳುತ್ತಾ ಬಂತು. ಗೆರೆ ಗೆರೆ ಬಿದ್ದ ಪುಟ್ಟ ಚಿಪ್ಪಿನ ಹಾಗೆ ತಟ್ಟೆಗೆ ಉರುಳಿತು. "ಒತ್ತಬಾರದು. ಉರುಳಿಸ್ಬೇಕು, ಗೊತ್ತಾಯ್ತಾ?" ಐದನೆಯದಕ್ಕೆ ಮಗಳ ಕೈಗೆ ಅದು ಬಂತು. ಆಮೇಲೆ ಮಾಂಯ್ ಕೈ ತೆಗೆದರು. ಆ ದಿನ ಅವಳು ಮಾಡಿದ ಕಿಡಿಯೊ ಒಂದು ಬಟ್ಟಲು ತುಂಬ ಆಯಿತು.

ನೆವ್ರಿ ನನ್ನ ಪಾಲಿಗೆ ಬಿತ್ತು. ಅದು ನಮ್ಮ ಕರ್ಜಿಕಾಯಿಯೇ. ಇಲ್ಲಿ ಎಳ್ಳು, ಹುರಿಗಡಲೆ, ಕಾಯಿತುರಿ, ಒಣದ್ರಾಕ್ಷಿ, ಏಲಕ್ಕಿ ಸೇರಿಸಿ ತುಂಬುತ್ತಾರೆ. ಅಂಚು ಮಡಚುವ ಕೈ ಮಾತ್ರ ನನ್ನದು ಹಾಸನದ್ದು. ಓರಗಿತ್ತಿ ಕೊಕ್ಕಿಸಾಂ ಹಿಡಿದಳು. ಹೂವಿನ ಆಕಾರದ ಕಬ್ಬಿಣದ ಅಚ್ಚನ್ನು ಮೊದಲು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ, ಅಕ್ಕಿ ಹಿಟ್ಟು ತೆಂಗಿನ ಹಾಲಿನ ಹದದಲ್ಲಿ ಅದ್ದಬೇಕು. ಅಚ್ಚಿನ ಮೇಲ್ಭಾಗ ಮುಳುಗಬಾರದು. ಮುಳುಗಿದರೆ ಹೂವು ಕಳಚಿಕೊಳ್ಳುವುದಿಲ್ಲ. ಗುಳಿಯೊ, ತುಕ್ಕುಡಿ, ಚಕ್ಕುಲಿ ಅಂತ ರಾತ್ರಿ ಒಂಬತ್ತಾಯಿತು. ಕೇಕ್ ಮೊದಲೇ ಆಗಿತ್ತು. ಬೆನ್ನು ನೋಯುತ್ತಿತ್ತು. ಬಟ್ಟೆಗೆಲ್ಲ ಕರಿದ ಎಣ್ಣೆಯ ವಾಸನೆ. ನಾನು ಇಡೀ ವರ್ಷದಲ್ಲಿ ಓರಗಿತ್ತಿಯ ಜೊತೆ ಇಷ್ಟು ಮಾತಾಡಿದ ದಿನ ಬೇರೆ ಇಲ್ಲ.

ಡಿಸೆಂಬರ್ 23

ಬೆಳಿಗ್ಗೆ ಚರ್ಚಿಗೆ ಪಾಪನಿವೇದನೆಗೆ ಹೋದೆವು. ಸಾಲು ಉದ್ದ ಇತ್ತು. ಸರದಿ ಬಂದಾಗ ನಾನು ಕನ್ನಡದಲ್ಲೇ ಶುರು ಮಾಡಿದೆ, ಫಾದರ್ ಕನ್ನಡದಲ್ಲೇ ಸಮಾಧಾನ ಹೇಳಿದರು. ಹೊರಗೆ ಬಂದಾಗ ಎದೆ ಹಗುರ. ಹೊಸ ಬಟ್ಟೆ ಇಲ್ಲದಿದ್ದರೂ ಹಬ್ಬ ಆಗುತ್ತದೆ. ಇದು ಇಲ್ಲದೆ ನನಗಂತೂ ಆಗುವುದಿಲ್ಲ.

ಮಧ್ಯಾಹ್ನ ಗೋದಲಿ ಕಟ್ಟುವ ಕೆಲಸ. ಗೋದಲಿ ಅಂದರೆ ದನಕ್ಕೆ ಹುಲ್ಲು ಹಾಕುವ ತೊಟ್ಟಿ. ಯೇಸು ಹುಟ್ಟಿದಾಗ ಮರಿಯಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದು ಅದರಲ್ಲೇ. ಈಗ ಇಡೀ ದೃಶ್ಯಕ್ಕೇ ಗೋದಲಿ ಅನ್ನುತ್ತೇವೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನುವ ಊರಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿ ನಿಜವಾದ ಎತ್ತು, ಕತ್ತೆ, ಹುಲ್ಲು ತರಿಸಿ ಈ ದೃಶ್ಯ ಮಾಡಿ ತೋರಿಸಿದರು. ಓದಲು ಬಾರದ ರೈತರಿಗೂ ಬೆತ್ಲೆಹೇಮು ಕಣ್ಣಿಗೆ ಕಾಣಲಿ ಅಂತ. ಮಗಳಿಗೆ ಈ ಕಥೆ ಹೇಳುತ್ತಿದ್ದ ಹಾಗೆ ಮೈದುನನ ಮಕ್ಕಳು ತೋಟದಿಂದ ಮುರಕಲ್ಲಿನ ಚೂರು ಹೊತ್ತು ತಂದರು. ಬೈಹುಲ್ಲಿನ ಮಾಡು, ಒಡೆದ ಕನ್ನಡಿಯ ಕೆರೆ, ಗೆರಟೆಯ ಬಾವಿ.

ಹಸಿರು ಮಾತ್ರ ನನ್ನ ಊರಿನದು. ನವೆಂಬರಿನಲ್ಲಿ ತವರಿನಿಂದ ಬಂದ ರಾಗಿಯಲ್ಲಿ ಒಂದು ಪಾವು ಮಾಂಯ್‌ಗೆ ಕಳಿಸುತ್ತೇನೆ. ಡಿಸೆಂಬರ್ ಎರಡನೇ ವಾರ ಅವರು ತಟ್ಟೆಯಲ್ಲಿ ಮಣ್ಣು ಹರಡಿ ಅದನ್ನು ಬಿತ್ತುತ್ತಾರೆ. ಈ ಹೊತ್ತಿಗೆ ನಾಲ್ಕು ಬೆರಳು ಎತ್ತರ ಬಂದಿತ್ತು. ಅಂಗೈ ಸವರಿದರೆ ತಣ್ಣಗೆ, ಮೆತ್ತಗೆ. ಹಾಸನದ ರಾಗಿ ಪೈರಿನ ನಡುವೆ ಬೆತ್ಲೆಹೇಮಿನ ಕುರಿ ನಿಂತವು.

ಬೊಂಬೆಗಳನ್ನು ಮಾಂವ್, ಅಂದರೆ ಮಾವ, ಮುಂಬೈಯಲ್ಲಿ ಕೆಲಸ ಮಾಡುತ್ತಿದ್ದಾಗ ತಂದದ್ದು. ಮಾಂವ್ ಈಗ ಇಲ್ಲ, ಒಂಬತ್ತು ವರ್ಷ ಆಯಿತು. ಜೋಸೆಫರ ಕೋಲು ಹೋಗಿದೆ, ಅದಕ್ಕೆ ಹಿಡಿಸೂಡಿಯ ಕಡ್ಡಿ. ಎತ್ತಿನ ಒಂದು ಕೊಂಬು ಇಲ್ಲ. ಎಲ್ಲ ಇಟ್ಟಾದ ಮೇಲೆ ಮಗಳು ಹುಲ್ಲಿನ ತೊಟ್ಟಿಯೊಳಗೆ ಇಣುಕಿದಳು.

"ಬಾಲಯೇಸು ಎಲ್ಲಿ?"

"ನಾಳೆ ರಾತ್ರಿ ಬರ್ತದೆ" ಅಂದರು ಮಾಂಯ್.

ಬಾಲಯೇಸು ಮಾಂಯ್‌ನ ಕಪಾಟಿನಲ್ಲಿದೆ. ಮಾಂವ್‌ರ ಬಿಳಿ ಕರ್ಚೀಫಿನಲ್ಲಿ ಸುತ್ತಿಟ್ಟಿರುತ್ತಾರೆ. ಮರಿಯಮ್ಮ, ಜೋಸೆಫ್, ಎತ್ತು, ಕತ್ತೆ ಎಲ್ಲರೂ ಖಾಲಿ ಹುಲ್ಲನ್ನು ನೋಡುತ್ತಾ ಇರುವ ಆ ಒಂದು ದಿನ ನನಗೆ ತುಂಬ ಇಷ್ಟ. ಕಾಯುವುದು ಅಂದರೆ ಏನು ಅಂತ ಮಗುವಿಗೆ ತೋರಿಸಲು ಇದಕ್ಕಿಂತ ಬೇರೆ ದಾರಿ ನನಗೆ ಗೊತ್ತಿಲ್ಲ.

ಬಾಲಯೇಸುವನ್ನು ನೋಡಲು ಬಂದ ಮೂವರು ರಾಯರನ್ನು, ಅಂದರೆ ರಾಜರನ್ನು, ಗೋದಲಿಯ ಹತ್ತಿರ ಇಡುವ ಹಾಗಿಲ್ಲ. ಅವರು ಪೂರ್ವ ದಿಕ್ಕಿನಿಂದ ದೂರ ನಡೆದು ಬರಬೇಕಲ್ವಾ? ಅದಕ್ಕೆ ಹಾಲ್‌ನ ಆ ತುದಿ, ಕಿಟಕಿಯ ದಂಡೆಯ ಮೇಲೆ ಇಡುವುದು ಮಾಂವ್ ಮಾಡಿದ ರೂಢಿ. ದಿನಕ್ಕೆ ಒಂದು ಗೇಣು ಮುಂದೆ ಸರಿಸಬೇಕು. ಶೋಕೇಸು, ಟಿವಿ ಸ್ಟ್ಯಾಂಡು, ಹೊಲಿಗೆ ಮೆಷಿನ್ ದಾಟಿ ರಾಯರ ಹಬ್ಬದ ದಿನ ಗೋದಲಿ ತಲುಪುತ್ತಾರೆ. ಈ ವರ್ಷ ಆ ಕೆಲಸ ನನ್ನ ಮಗಳಿಗೆ ಬಂತು.

ಡಿಸೆಂಬರ್ 24

ಬೆಳಿಗ್ಗೆ ಪೋರ್ಕ್ ತಂದು ಬಾಫಾತ್ ಮಸಾಲೆ ಹಚ್ಚಿಟ್ಟಾಯಿತು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನದ ಪುಡಿ. ಇಡ್ಲಿಯ ಹಾಗಿರುವ ಸಾನ್ನಾಂನ ಹಿಟ್ಟಿಗೆ ಕಳ್ಳು ಹಾಕಿ ಉಬ್ಬಲು ಇಟ್ಟೆವು.

ಏಳು ಗಂಟೆಗೆ ಚರ್ಚ್ ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ. ದುಬೈ, ಕುವೈತ್, ಮುಂಬೈಯಿಂದ ಬಂದವರು, ಒಬ್ಬರನ್ನೊಬ್ಬರು ಗುರುತಿಸಿ ಕೂಗುವವರು. ಮೊದಲು ಅರ್ಧ ಗಂಟೆ ಕ್ಯಾರಲ್. ಆಮೇಲೆ ಬಲಿಪೂಜೆ.

ನಾಲ್ಕು ವಾರದಿಂದ ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಹಾಡಿರಲಿಲ್ಲ. ಆಗಮನ ಕಾಲದಲ್ಲಿ ಅದನ್ನು ಬಿಟ್ಟಿರುತ್ತಾರೆ. ಆ ರಾತ್ರಿ ಫಾದರ್ ಅದರ ಮೊದಲ ಸಾಲು ಎತ್ತಿದ್ದೇ ತಡ, ಗಂಟೆಗಳು ಬಡಿದುಕೊಂಡವು. ಗೋಪುರದ ದೊಡ್ಡ ಗಂಟೆ, ಪೀಠದ ಹತ್ತಿರದ ಕೈಗಂಟೆ ಎಲ್ಲ ಒಟ್ಟಿಗೆ. ನಂದಿಸಿದ್ದ ದೀಪಗಳು ಹತ್ತಿದವು. ಮಗಳು ನನ್ನ ಸೆರಗು ಹಿಡಿದು ಬಾಯಿ ತೆರೆದು ನಿಂತಿದ್ದಳು. ಬೆತ್ಲೆಹೇಮಿನ ಬಯಲಲ್ಲಿ ಕುರುಬರಿಗೆ ದೇವದೂತರು ಹಾಡಿದ್ದೇ ಈ ಹಾಡಿನ ಶುರು. ನಾಲ್ಕು ವಾರ ಬಾಯಿ ಕಟ್ಟಿಕೊಂಡಿದ್ದವರ ಗಂಟಲಲ್ಲಿ ಅದು ಹೇಗೆ ಹೊರಗೆ ಬರುತ್ತದೆ ಅಂತ ಅಲ್ಲಿ ನಿಂತು ಕೇಳಬೇಕು.

ಇನ್ನೊಂದು ಕ್ಷಣ ಇದೆ, ಎಷ್ಟೋ ಜನ ಗಮನಿಸುವುದಿಲ್ಲ. ವಿಶ್ವಾಸ ಪ್ರಮಾಣ ಹೇಳುವಾಗ ದೇವರು ಮನುಷ್ಯನಾದರು ಅನ್ನುವ ಮಾತು ಬರುತ್ತದೆ. ಬೇರೆ ದಿನ ಅಲ್ಲಿ ತಲೆ ಬಾಗಿಸುತ್ತೇವೆ. ವರ್ಷದಲ್ಲಿ ಎರಡು ಹಬ್ಬಕ್ಕೆ ಮಾತ್ರ ಮೊಣಕಾಲೂರುತ್ತೇವೆ: ಮಾರ್ಚ್ 25ರ ಮಂಗಳವಾರ್ತೆಯ ಹಬ್ಬಕ್ಕೆ, ಮತ್ತು ಕ್ರಿಸ್ಮಸ್‌ಗೆ. ಮಾಂಯ್‌ಗೆ ಮಂಡಿ ಊರಲು ಆಗುವುದಿಲ್ಲ. ಕುರ್ಚಿಯಲ್ಲಿ ಕೂತೇ ಪೂಜೆ ನೋಡುತ್ತಿದ್ದರು. ಆ ಮಾತು ಬಂದಾಗ ನನ್ನ ಭುಜ ಹಿಡಿದು ಇಳಿದೇಬಿಟ್ಟರು. ನಾನು ಬೇಡ ಅನ್ನಲು ಬಾಯಿ ತೆರೆದೆ, ಅವರ ಮುಖ ನೋಡಿ ಸುಮ್ಮನಾದೆ. ಎಬ್ಬಿಸಲು ಗಂಡ ಮತ್ತು ನಾನು ಇಬ್ಬರೂ ಬೇಕಾಯಿತು.

ಪೂಜೆಯಾದ ಮೇಲೆ ಚರ್ಚ್ ಹಿಂದಿನ ಸಮಾಧಿಗೆ ಹೋದೆವು. ಮಾಂವ್‌ರ ಕಲ್ಲಿನ ಮೇಲೆ ಮೇಣದಬತ್ತಿ ಹಚ್ಚಿದೆವು. ಅತ್ತ ಇತ್ತ ಇನ್ನೂ ಎಷ್ಟೋ ದೀಪ. ಮಾಂಯ್ ಕಲ್ಲಿನ ಮೇಲಿದ್ದ ಒಣ ಎಲೆ ಒರೆಸಿ "ಮಕ್ಕಳೆಲ್ಲ ಬಂದಿದ್ದಾರೆ" ಅಂದರು. ಕೊಂಕಣಿಯಲ್ಲಿ, ಅವರಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ.

ಮನೆಗೆ ಬಂದಾಗ ಹತ್ತೂವರೆ. ಮಾಂಯ್ ಕಪಾಟು ತೆರೆದು ಕರ್ಚೀಫು ತಂದರು. ಮನೆಯಲ್ಲಿ ಎಲ್ಲರಿಗಿಂತ ಸಣ್ಣವರು ಬಾಲಯೇಸುವನ್ನು ಇಡಬೇಕು. ಮಗಳು ಗಂಟು ಬಿಚ್ಚಿದಳು. ಬೊಂಬೆ ಅವಳ ಅಂಗೈಯಷ್ಟೇ ಇದೆ. ಬಲಗೈಯ ಎರಡು ಬೆರಳಿನ ಬಣ್ಣ ಹೋಗಿ ಬಿಳಿ ಮಣ್ಣು ಕಾಣುತ್ತದೆ. ಅವಳು ಅದಕ್ಕೆ ಮುತ್ತು ಕೊಟ್ಟು ಹುಲ್ಲಿನ ಮೇಲೆ ಇಟ್ಟಳು. ಕರ್ಚೀಫನ್ನೂ ಮೇಲೆ ಹೊದಿಸಿದಳು. ಯಾರೂ ಹೇಳಿರಲಿಲ್ಲ. "ಚಳಿ ಆಗ್ತದಲ್ಲ" ಅಂದಳು. ಮಾಂಯ್ ಅದನ್ನು ತೆಗೆಯಲು ಬಿಡಲಿಲ್ಲ.

ಕೇಕ್ ಕತ್ತರಿಸಿ, ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್ ಒಂದೊಂದು ಗುಟುಕು ಕುಡಿದೆವು. ಹನ್ನೊಂದೂವರೆಗೆ ರೋಮಿನಲ್ಲಿ ಸಂಜೆ ಏಳು. ಫೋನನ್ನು ಡಬ್ಬಕ್ಕೆ ಒರಗಿಸಿ ನೋಡಿದೆವು. ಗಾಲಿಕುರ್ಚಿಯಲ್ಲಿ ಕೂತ ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರ ತಟ್ಟಿದರು, ಬಾಗಿಲು ತೆರೆಯಿತು. 2025ರ ಜುಬಿಲಿ, ಅಂದರೆ ಕಥೋಲಿಕರ ಪವಿತ್ರ ವರ್ಷ, ಶುರುವಾಯಿತು. "ಅವರಿಗೂ ಮಂಡಿ ನೋವು" ಅಂದರು ಮಾಂಯ್, ತಮ್ಮ ಮಂಡಿ ಸವರಿಕೊಳ್ಳುತ್ತಾ.

ಡಿಸೆಂಬರ್ 25

ಬೆಳಗಿನ ತಿಂಡಿಗೆ ಸಾನ್ನಾಂ ಮತ್ತು ಬಾಫಾತ್. ಆಮೇಲೆ ತಟ್ಟೆ ಹಂಚುವುದು.

ಸ್ಟೀಲ್ ತಟ್ಟೆಯಲ್ಲಿ ಎಲ್ಲ ಬಗೆಯೂ ಇರಬೇಕು, ಕೇಕಿನ ತುಂಡು ಮೇಲೆ. ಮುಚ್ಚಲು ಮಾಂಯ್ ಹೆಣೆದ ಕ್ರೋಶೆ ಬಟ್ಟೆ. ಮೊದಲ ತಟ್ಟೆ ಶೆಟ್ರ ಮನೆಗೆ. ಎರಡನೆಯದು ಬ್ಯಾರಿಗಳ ಮನೆಗೆ. ದೀಪಾವಳಿಗೆ ಶೆಟ್ರ ಮನೆಯಿಂದ, ಪೆರ್ನಾಲಿಗೆ, ಅಂದರೆ ಈದ್‌ಗೆ, ಬ್ಯಾರಿಗಳ ಮನೆಯಿಂದ ತಟ್ಟೆ ಬರುತ್ತದೆ. ಬಂದ ತಟ್ಟೆ ಖಾಲಿ ವಾಪಸ್ ಹೋಗಬಾರದು ಅನ್ನುವುದು ಮೂರೂ ಮನೆಯವರಿಗೆ ಗೊತ್ತು. ಮಗಳು ಎರಡೂ ಕೈಯಲ್ಲಿ ತಟ್ಟೆ ಹಿಡಿದು ಗದ್ದೆ ಬದುವಿನ ಮೇಲೆ ನಡೆದಳು. "ಈ ಹುಳ ನಾನು ಮಾಡಿದ್ದು" ಅಂತ ಎರಡೂ ಮನೆಯಲ್ಲಿ ಹೇಳಿದಳು. ಬರುವಾಗ ಒಂದು ತಟ್ಟೆಯಲ್ಲಿ ಸಕ್ಕರೆ, ಇನ್ನೊಂದರಲ್ಲಿ ಬಾಳೆಹಣ್ಣು.

ಒಂದು ತಟ್ಟೆ ಚರ್ಚ್ ಕಡೆಯ ತಿರುವಿನ ಮನೆಗೆ. ಆ ಮನೆಯಲ್ಲಿ ಅಕ್ಟೋಬರಿನಲ್ಲಿ ಸಾವಾಗಿತ್ತು. ಈ ಸಲ ಅವರು ಕುಸ್ವಾರ್ ಮಾಡಿಲ್ಲ, ನಕ್ಷತ್ರವನ್ನೂ ಕಟ್ಟಿಲ್ಲ. ಮಾಂಯ್ ಆ ತಟ್ಟೆ ಯಾರ ಕೈಗೂ ಕೊಡಲಿಲ್ಲ. ಆಟೊ ಕರೆಸಿ ತಾವೇ ಹೋದರು. ವಾಪಸ್ ಬರಲು ಒಂದು ಗಂಟೆಗಿಂತ ಜಾಸ್ತಿ ಆಯಿತು.

ಡಿಸೆಂಬರ್ 26

ಮೂಡಬಿದಿರೆಯಲ್ಲಿ ನಾದಿನಿ ಮನೆ. ಊಟ, ಮಾತು, ಮಕ್ಕಳ ಗಲಾಟೆ, ಸಂಜೆ ವಾಪಸ್. ರಾಯರು ಟಿವಿ ಸ್ಟ್ಯಾಂಡ್ ತಲುಪಿದರು.

ಡಿಸೆಂಬರ್ 27

ರಾತ್ರಿ ಶಿರಾಡಿ ಘಾಟಿಯ ಬಸ್ಸು. ಐದೂ ಡಬ್ಬ ತುಂಬಿದವು. ಮಾಂಯ್ ಮುಚ್ಚಳಕ್ಕೆ ಕಾಗದ ಅಂಟಿಸಿ ಹೆಸರು ಬರೆದಿದ್ದರು: ಆಫೀಸಿಗೆ, ಪಕ್ಕದ ಮನೆಗೆ, ಶಾಲೆಯ ಟೀಚರಿಗೆ, ಮನೆಗೆ. ಐದನೆಯದರ ಮೇಲೆ "ಹಾಸನ". ನನ್ನ ಅಮ್ಮನಿಗೆ.

ಹೊರಡುವ ಮುಂಚೆ ಎಲ್ಲರೂ "ಬೆಸಾಂವ್" ತೆಗೆದುಕೊಂಡೆವು. ಮಗಳು ಮಾತ್ರ ರಾಯರ ಮುಂದೆ ಕೂತು ಏಳಲು ತಯಾರಿರಲಿಲ್ಲ. ಅವರಿನ್ನೂ ಹೊಲಿಗೆ ಮೆಷಿನ್ನಿನ ಮೇಲಿದ್ದಾರೆ. "ನಾನು ಹೋದ್ರೆ ಯಾರು ನಡೆಸ್ತಾರೆ?"

"ನಾನಿಲ್ವಾ?" ಅಂದರು ಮಾಂಯ್. "ದಿನಾ ರಾತ್ರಿ ತೇರ್ಸ್ ಆದ ಮೇಲೆ ಒಂದು ಗೇಣು. ಆಮೇಲೆ ನಿನಗೆ ಫೋನ್ ಮಾಡ್ತೇನೆ. ಆಯ್ತಾ?"

ಜನವರಿ 3, ಬೆಂಗಳೂರು

ಇವತ್ತು ಸಂಜೆಯೂ ಫೋನ್ ಬಂತು. ರಾಯರು ಕೆರೆ ದಾಟಿದ್ದಾರೆ. ರಾಗಿ ಪೈರು ಉದ್ದವಾಗಿ ಬಾಗಿ ದಾರಿಗೆ ಅಡ್ಡ ಬಂದಿತ್ತಂತೆ, ಮಾಂಯ್ ಕತ್ತರಿ ತಗೊಂಡು ಸ್ವಲ್ಪ ಕತ್ತರಿಸಿದರಂತೆ. ಭಾನುವಾರ ರಾಯರ ಹಬ್ಬ. ಇನ್ನು ಎರಡು ಗೇಣು.

"ಕರ್ಚೀಫು ಉಂಟಾ ಅಜ್ಜಿ?" ಮಗಳು ಕೇಳಿದಳು.

"ಉಂಟು ಪುಟ್ಟಾ. ಹಾಗೇ ಉಂಟು."